ರಾಗಿ ಮಾವಿನ ಪೊಟ್ಟಣ

ಅಕ್ಷರದ ಅಂದಚಂದದ ಬಗ್ಗೆ ಬಾನುಲಿಯಲ್ಲಿ ಮಾತಾಡು ಅನ್ನುವುದು ಕಣ್ಣು ಕಟ್ಟಿ ರಂಗೋಲಿ ಹಾಕು ಅಂದ ಹಾಗೆ. ನಾನು 'ಅ' ಅಂದರೆ ನಿಮಗೆ ಕೇಳುತ್ತದೆ, ಆ 'ಅ' ದಪ್ಪಗಿದೆಯೋ ತೆಳ್ಳಗಿದೆಯೋ ಕಾಣುವುದಿಲ್ಲ. ಹಾಗಾಗಿ ನಿಮ್ಮಿಂದ ಒಂದು ಉಪಕಾರ ಬೇಕು. ಅಡುಗೆಮನೆಗೆ ಹೋಗಿ ಕೈಗೆ ಸಿಕ್ಕ ಒಂದು ಪೊಟ್ಟಣ ತನ್ನಿ. ಸಾರಿನ ಪುಡಿಯದಾದರೂ ಸರಿ, ಊದುಬತ್ತಿಯದಾದರೂ ಸರಿ. ಈ ಮಾತು ಮುಗಿಯುವ ತನಕ ಅದು ನಿಮ್ಮ ಕೈಯಲ್ಲಿರಲಿ.

ನಾನು ಹೊಸೂರಿನಲ್ಲಿ ಲೇಬಲ್ಲು, ಪೌಚು, ರಟ್ಟಿನ ಡಬ್ಬಿಗಳಿಗೆ ವಿನ್ಯಾಸ ಮಾಡಿಕೊಟ್ಟು ಹೊಟ್ಟೆ ಹೊರೆಯುವವನು. ಬೆಂಗಳೂರು ಕಡೆಯಿಂದ ಬರುವವರಿಗೆ ಅತ್ತಿಬೆಲೆ ದಾಟಿ ಜೂಜುವಾಡಿ ಸೇರುತ್ತಲೇ ಬೋರ್ಡುಗಳ ಅಕ್ಷರ ಬದಲಾಗುವುದು ಗೊತ್ತಿರುತ್ತದೆ. ರಸ್ತೆ ಅದೇ, ಧೂಳು ಅದೇ, ಚಹಾದ ರುಚಿಯೂ ಹೆಚ್ಚುಕಡಿಮೆ ಅದೇ. ತಮಿಳುನಾಡಿನ ಅಂಗಡಿ ಬೋರ್ಡುಗಳಿಗೆ ಒಂದು ಲೆಕ್ಕವಿದೆ: ತಮಿಳಿಗೆ 5 ಪಾಲು, ಇಂಗ್ಲಿಷಿಗೆ 3 ಪಾಲು, ಬೇರೆ ಭಾಷೆಗೆ 2 ಪಾಲು. ಬೋರ್ಡಿಗೆ ಹೀಗೆ ಸರ್ಕಾರವೇ ಅಳತೆ ಕೊಟ್ಟುಬಿಟ್ಟಿದೆ. ಪೊಟ್ಟಣಕ್ಕೆ ಈ ಲೆಕ್ಕವಿಲ್ಲ. ಅಲ್ಲಿ ಯಾವ ಅಕ್ಷರ ಎಷ್ಟು ದೊಡ್ಡದು, ಯಾವುದರ ಪಕ್ಕ ಯಾವುದು ಅನ್ನುವುದನ್ನು ನನ್ನಂಥವರೇ ತೀರ್ಮಾನಿಸಬೇಕು. ತಪ್ಪಾದರೆ ಬೈಸಿಕೊಳ್ಳುವವರೂ ನಾವೇ.

ಬೈಸಿಕೊಂಡ ಒಂದು ಸಂಗತಿಯಿಂದಲೇ ಶುರು ಮಾಡುತ್ತೇನೆ. ತಳಿ ಕಡೆಯ ಒಬ್ಬ ಗಿರಣಿಯವರಿಗೆ ರಾಗಿಹಿಟ್ಟಿನ ಪೊಟ್ಟಣ ಬೇಕಿತ್ತು. ತಳಿ, ಕೆಲಮಂಗಲ, ಡೆಂಕಣಿಕೋಟೆ, ಅಂಚೆಟ್ಟಿ ಈ ಸುತ್ತಿನಲ್ಲಿ ಮನೆಮಾತು ಕನ್ನಡವೋ ತೆಲುಗೋ ಆಗಿರುವವರು ಬಹಳ. ಶಾಲೆ, ಕಚೇರಿ ಎಲ್ಲ ತಮಿಳು. ಸರಕು ಆನೇಕಲ್ಲಿಗೂ ಹೋಗಬೇಕು, ಕೃಷ್ಣಗಿರಿಗೂ ಹೋಗಬೇಕು, ಕುಪ್ಪಂ ಸಂತೆಗೂ ಹೋಗಬೇಕು. ಹಾಗಾಗಿ ಮೂರು ಭಾಷೆ, ಮೇಲೆ ಇಂಗ್ಲಿಷ್. ತಮಿಳಿನ ಹೆಸರು ಮೊದಲು ಬಂತು. ಅದನ್ನು ಕೇಳಿಕೊಂಡು ಯಾರೋ ಹುಡುಗ ಕನ್ನಡದಲ್ಲಿ ಟೈಪ್ ಮಾಡಿಕೊಟ್ಟ. ನಾನು ಎರಡು ದಿನ ಕೂತು ಆ ಅಕ್ಷರಗಳ ಬಳುಕು ತಿದ್ದಿದೆ, ನಡುವಿನ ಜಾಗ ಸರಿಮಾಡಿದೆ, ಕಂದು ಬಣ್ಣ ಹಚ್ಚಿದೆ. ಅಚ್ಚಾಗಿ ಬಂತು. ಆನೇಕಲ್ಲಿನ ಅಂಗಡಿಯವನೊಬ್ಬ ಫೋನ್ ಮಾಡಿ ಕೇಳಿದನಂತೆ: "ಏನ್ ಸ್ವಾಮಿ, ರಾಗೀಲಿ ಮಾವಿನಹಣ್ಣು ಬೆರೆಸಿದೀರಾ?"

ಪೊಟ್ಟಣದ ಮೇಲೆ ದೊಡ್ಡದಾಗಿ 'ರಾಗಿ ಮಾವು' ಎಂದಿತ್ತು. ತಮಿಳಿನಲ್ಲಿ ಮಾವು ಅಂದರೆ ಹಿಟ್ಟು. ನಮಗೆ ಮಾವು ಅಂದರೆ ಮಾವು. ಅದರಲ್ಲೂ ಕೃಷ್ಣಗಿರಿಯಂಥ ಮಾವಿನ ಸೀಮೆಯಲ್ಲಿ! ಕನ್ನಡ ಬಲ್ಲ ನಾನು ಎರಡು ದಿನ ಅದನ್ನೇ ದಿಟ್ಟಿಸಿ ನೋಡಿದ್ದೆ. ನೋಡಿದ್ದೆ, ಓದಿರಲಿಲ್ಲ. 'ವು' ಅಕ್ಷರದ ಕೊಂಬು ಎಷ್ಟು ಚೆನ್ನಾಗಿ ಬಾಗಿದೆ ಅಂತ ಖುಷಿಪಡುತ್ತಾ ಕೂತಿದ್ದೆ.

ಈ ಕಸುಬಿನ ದೊಡ್ಡ ರೋಗವೇ ಇದು. ಅಕ್ಷರ ಚಿತ್ರವಾಗಿಬಿಡುತ್ತದೆ. ಕೊಳ್ಳುವವರಿಗೆ ಅದು ಚಿತ್ರವಲ್ಲ. ಮಂಕು ಬೆಳಕಿನ ಅಂಗಡಿಯಲ್ಲಿ, ಸರಮಾಲೆಯಾಗಿ ತೂಗುಬಿಟ್ಟ ಹತ್ತಾರು ಪೊಟ್ಟಣಗಳ ನಡುವೆ, ಗಲ್ಲಾದ ಮೇಲೆ ಕೂತ ಶೆಟ್ಟರ ಹಿಂದಿನ ಗೋಡೆಯಲ್ಲಿ ಅವರು ಹುಡುಕುವುದು ಒಂದೇ ಒಂದು ಪದ.

ಆ ಪದಕ್ಕೆ ಯಾವ ಫಾಂಟ್? ಗಿರಾಕಿಗಳು ಬಂದು ಕೂತ ಕೂಡಲೇ ಮೊಬೈಲ್ ತೆಗೆದು ಒಂದು ಇಂಗ್ಲಿಷ್ ಹೆಸರು ತೋರಿಸಿ, "ಇದೇ ಸ್ಟೈಲು ಕನ್ನಡದಲ್ಲಿ ಮಾಡಿ" ಅನ್ನುತ್ತಾರೆ. ಇಂಗ್ಲಿಷಿನ 'ಎನ್' ಅಕ್ಷರವನ್ನೇ ಕತ್ತರಿಸಿ 'ಗ' ಮಾಡಿದವರನ್ನೂ, 'ರ' ಅಕ್ಷರಕ್ಕೆ ರೋಮನ್ ಕಂಬದ ಪಾದ ಅಂಟಿಸಿದವರನ್ನೂ ನೋಡಿದ್ದೇನೆ. ಬಾಡಿಗೆ ಕೋಟು ಹಾಕಿಕೊಂಡು ಮದುವೆಗೆ ನಿಂತ ಹಳ್ಳಿ ಹೈದನ ಹಾಗೆ ಕಾಣುತ್ತದೆ. ಕೋಟೂ ಚೆನ್ನಾಗಿರುತ್ತದೆ, ಹೈದನೂ ಚೆನ್ನಾಗಿರುತ್ತಾನೆ, ಭುಜ ಮಾತ್ರ ಕೂಡಿಬರುವುದಿಲ್ಲ. ಇನ್ನು ಕೆಲವರು ಹೊಸತನಕ್ಕೆಂದು ತಲೆಕಟ್ಟನ್ನೇ ಕಿತ್ತು ಹಾಕುತ್ತಾರೆ. ನಮ್ಮ ಬಹುಪಾಲು ಅಕ್ಷರಗಳಿಗೆ ತಲೆಕಟ್ಟು ಅಲಂಕಾರಕ್ಕೆ ಇಟ್ಟದ್ದಲ್ಲ, ಅದು 'ಅ' ಸ್ವರದ ಗುರುತು. 'ತ' ಹೋಗಿ 'ತಿ' ಆದಾಗ ತಲೆಕಟ್ಟು ಜಾಗ ಬಿಟ್ಟುಕೊಡುತ್ತದೆ, ಗುಡಿಸು ಬಂದು ಕೂರುತ್ತದೆ. ಅದನ್ನು ಕಿತ್ತರೆ ಓದುವವರು ಅರೆಗಳಿಗೆ ತಡವರಿಸುತ್ತಾರೆ. ಅಂಗಡಿಯಲ್ಲಿ ಆ ಅರೆಗಳಿಗೆಯಲ್ಲೇ ಕೈ ಪಕ್ಕದ ಪೊಟ್ಟಣಕ್ಕೆ ಹೋಗಿಬಿಡುತ್ತದೆ.

ಒಂದು ಕನ್ನಡ ಫಾಂಟ್ ಪೊಟ್ಟಣಕ್ಕೆ ಒದಗುತ್ತದೋ ಇಲ್ಲವೋ ನೋಡಲು ಅ ಆ ಇ ಈ ಬರೆದು ನೋಡಿದರೆ ಏನೂ ತಿಳಿಯುವುದಿಲ್ಲ. ನಾನು ದಿನಸಿ ಚೀಟಿ ಬರೆದು ನೋಡುತ್ತೇನೆ. ಅಕ್ಕಿ, ಬೆಲ್ಲ, ಉಪ್ಪು, ಎಣ್ಣೆ, ತುಪ್ಪ, ಸಕ್ಕರೆ, ಹಿಟ್ಟು, ಉದ್ದು, ಕೊತ್ತಂಬರಿ, ಅವಲಕ್ಕಿ. ಗಮನಿಸಿದಿರಾ? ಕನ್ನಡದ ದಿನಸಿ ಅಂಗಡಿ ಪೂರ್ತಿ ಒತ್ತಕ್ಷರದ ಮೇಲೆ ನಿಂತಿದೆ. ಒತ್ತು ಚೆನ್ನಾಗಿ ಕೂರದ ಫಾಂಟಿನಲ್ಲಿ ನಮ್ಮ ಅಂಗಡಿಯ ಸಾಮಾನು ಬರೆಯಲಾಗದು. ಒತ್ತು ತೀರ ಚಿಕ್ಕದಾದರೆ ದೂರದಿಂದ 'ಹಿಟ್ಟು' ಹೋಗಿ 'ಹಿಟು' ಆಗುತ್ತದೆ. ದೊಡ್ಡದಾದರೆ ಕೆಳಗಿನ ಸಾಲಿನ ತಮಿಳಿನ ನೆತ್ತಿಗೆ ಗುದ್ದುತ್ತದೆ. ತಮಿಳಿನಲ್ಲಿ ಒತ್ತಿಲ್ಲ. ಅರ್ಧಾಕ್ಷರಕ್ಕೆ ಮೇಲೊಂದು ಚುಕ್ಕೆ ಇಟ್ಟು ಅವರು ನೆಟ್ಟಗೆ ಒಂದೇ ಸಾಲಿನಲ್ಲಿ ಹೋಗುತ್ತಾರೆ. ಕನ್ನಡ ಕೆಳಗೆ ಜಾಗ ಕೇಳುತ್ತದೆ, ತಮಿಳು ಅಗಲಕ್ಕೆ ಜಾಗ ಕೇಳುತ್ತದೆ. ಒಂದೇ ಅಂಗಳದಲ್ಲಿ ಎರಡು ಸಂಸಾರ ಹೂಡುವಾಗ ಯಾರಿಗೆ ಯಾವ ಕಡೆ ಬಾಗಿಲು ಬೇಕೆಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಈಗ ನಿಮ್ಮ ಕೈಯಲ್ಲಿರುವ ಪೊಟ್ಟಣವನ್ನು ತೋಳಳತೆ ದೂರ ಹಿಡಿದು, ಕಣ್ಣು ಅರ್ಧ ಮುಚ್ಚಿ ನೋಡಿ. ಅಕ್ಷರ ಮಸುಕಾಗಿ ಬರೀ ಕಪ್ಪು ಪಟ್ಟೆಗಳು ಕಾಣಬೇಕು. ಎರಡು ಭಾಷೆಯ ಸಾಲುಗಳಿದ್ದರೆ, ಒಂದು ಪಟ್ಟೆ ಗಾಢವಾಗಿ ಇನ್ನೊಂದು ತೆಳುವಾಗಿ ಕಾಣುತ್ತಿದೆಯೇ? ಕಾಣುತ್ತಿದ್ದರೆ ಆ ಜೋಡಿ ಕೂಡಿಬಂದಿಲ್ಲ. ಫಾಂಟಿನ ಜೋಡಿ ಅಂದರೆ ಒಂದೇ ಮುಖಚರ್ಯೆ ಇರಬೇಕೆಂದು ಜನ ತಿಳಿಯುತ್ತಾರೆ. ನನ್ನ ಮಟ್ಟಿಗೆ ಮುಖ್ಯವಾದದ್ದು ತೂಕ. ತಕ್ಕಡಿಯ ಒಂದು ತಟ್ಟೆಯಲ್ಲಿ ಕನ್ನಡ, ಇನ್ನೊಂದರಲ್ಲಿ ತಮಿಳು ಇಟ್ಟರೆ ಮುಳ್ಳು ನಡುವೆ ನಿಲ್ಲಬೇಕು. ಕನ್ನಡ ದುಂಡು, ತಿರುವು ಹೆಚ್ಚು, ಒಳಗೆ ಕಿಂಡಿಗಳು ಹೆಚ್ಚು. ತಮಿಳಿನಲ್ಲಿ ನೆಟ್ಟಗೆರೆಗಳಿವೆ, ಮೂಲೆಗಳಿವೆ. ಓಲೆಗರಿಯ ಮೇಲೆ ಕಂಟದ ಮೊನೆಯಿಂದ ಬರೆಯುವಾಗ ಗರಿ ಸೀಳದಿರಲೆಂದು ನಮ್ಮ ಅಕ್ಷರ ದುಂಡಗಾಯಿತು ಅನ್ನುತ್ತಾರೆ. ತಮಿಳರೂ ಅದೇ ಓಲೆಗರಿಯ ಮೇಲೆ ಬರೆದರು, ಅವರ ಮೂಲೆಗಳು ಉಳಿದುಕೊಂಡವು. ಈ ಮಾತನ್ನು ಪೂರ್ತಿ ನಂಬಲು ನನಗೆ ಸ್ವಲ್ಪ ಕಷ್ಟ.

ತೂಕ ಸರಿಮಾಡುವುದಕ್ಕೆ ಕಂಪ್ಯೂಟರಿನ ಅಂಕಿಯನ್ನು ನಂಬಬೇಡಿ. ಎರಡಕ್ಕೂ 24 ಪಾಯಿಂಟ್ ಕೊಟ್ಟೆ, ಸಮ ಆಯಿತು ಅಂದುಕೊಳ್ಳುವ ಹಾಗಿಲ್ಲ. ಪಾಯಿಂಟು ಅನ್ನುವುದು ಸೀಸದ ಮೊಳೆಗಳ ಕಾಲದ ಲೆಕ್ಕ. ಅಳೆಯುತ್ತಿದ್ದದ್ದು ಮೊಳೆಯ ಮೈಯನ್ನು, ಅದರ ಮೇಲೆ ಕೂತ ಅಕ್ಷರವನ್ನಲ್ಲ. ಮೊಳೆ ಹೋಯಿತು, ಲೆಕ್ಕ ಉಳಿಯಿತು. ಒಂದು ಫಾಂಟಿನಲ್ಲಿ ಅಕ್ಷರ ತನ್ನ ಪೆಟ್ಟಿಗೆಯ ತುಂಬ ಕೂತಿರುತ್ತದೆ, ಇನ್ನೊಂದರಲ್ಲಿ ಒತ್ತಿಗೆ ಜಾಗ ಬಿಟ್ಟು ಮುದುಡಿ ಕೂತಿರುತ್ತದೆ. ಕಣ್ಣಳತೆಯೇ ಕೊನೆಯ ಅಳತೆ.

ಅದೃಷ್ಟಕ್ಕೆ ಈಗ ಕೆಲಸ ಮೊದಲಿಗಿಂತ ಹಗುರ. ಮುಂಬೈಯ ಏಕ್ ಟೈಪ್ ಅನ್ನುವ ಅಕ್ಷರಶಿಲ್ಪಿಗಳ ತಂಡ 'ಬಾಲೂ' ಎಂಬ ಫಾಂಟ್ ಕುಟುಂಬ ಮಾಡಿದೆ. ದಪ್ಪ, ದುಂಡು, ನಗುಮುಖದ ಅಕ್ಷರ. ಅದರ ಕನ್ನಡದ ರೂಪಕ್ಕೆ ಬಾಲೂ ತಮ್ಮ ಎಂದು ಹೆಸರು, ತಮಿಳಿನದಕ್ಕೆ ಬಾಲೂ ತಂಬಿ, ತೆಲುಗಿನದಕ್ಕೆ ಬಾಲೂ ತಮ್ಮುಡು. ಹೊಸೂರಿನಲ್ಲಿ ಕೂತವನಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೇನಿದೆ? ಒಂದೇ ಮನೆಯ ಮೂರು ಮಕ್ಕಳು, ಮೂರು ಬಾಯಲ್ಲಿ ತಮ್ಮ ಅನ್ನಿಸಿಕೊಂಡವರು. ಅದೇ ತಂಡ 2022ರಲ್ಲಿ 'ಅನೇಕ್' ಎಂಬ ಇನ್ನೊಂದು ಕುಟುಂಬ ಹೊರತಂದಿತು. ರೋಮನ್ ಸೇರಿ 10 ಲಿಪಿ, ಒಂದೊಂದರಲ್ಲೂ ಕಡ್ಡಿಯಷ್ಟು ತೆಳುವಿನಿಂದ ಕಂಬದಷ್ಟು ದಪ್ಪದವರೆಗೆ, ಇಕ್ಕಟ್ಟಿನಿಂದ ಅಗಲದವರೆಗೆ ಎಳೆದುಕೊಳ್ಳಬಹುದು. ಅದರ ಕನ್ನಡವನ್ನು ರೂಪಿಸಿದವರು ವೈಷ್ಣವಿ ಮೂರ್ತಿ. ಅವರೇ ಇನ್ನೊಬ್ಬ ವಿನ್ಯಾಸಕಾರರ ಜೊತೆ ಸೇರಿ 'ಅಕಾಯ ಕನ್ನಡಕ' ಎಂಬ ಕುಣಿಯುವ ಅಕ್ಷರವನ್ನೂ, ಅದಕ್ಕೆ ಜೊತೆಯಾಗಿ ತೆಲುಗಿನಲ್ಲಿ 'ಅಕಾಯ ತೆಲಿವಿಗಲ'ವನ್ನೂ ಮಾಡಿದ್ದಾರೆ. ಇವೆಲ್ಲ ದುಡ್ಡಿಲ್ಲದೆ ಸಿಗುತ್ತವೆ, ವ್ಯಾಪಾರಕ್ಕೂ ಬಳಸಬಹುದು. ಹೀಗಿದ್ದೂ ಎಲ್ಲಿಂದಲೋ ಕದ್ದ ಫಾಂಟ್ ಪೆನ್‌ಡ್ರೈವಿನಲ್ಲಿ ತರುವವರು ಇದ್ದಾರೆ.

ತೆಲುಗಿನ ಜೊತೆ ಬೇರೆಯೇ ಪೇಚು. ಕನ್ನಡ, ತೆಲುಗು ಒಂದೇ ತಾಯಿಲಿಪಿಯ ಮಕ್ಕಳು. ಎರಡರ 'ಗ', 'ರ', 'ನ' ಎಷ್ಟು ಹತ್ತಿರ ಅಂದರೆ, ತಲೆಕಟ್ಟು ನಮ್ಮದು ಚಪ್ಪಟೆ, ಅವರದ್ದು ಸರಿ ಗುರುತಿನ ಹಾಗೆ ಮೇಲಕ್ಕೆ ಹಾರಿದ್ದು, ಇಷ್ಟೇ ಮುಖ್ಯ ಅಂತರ. ಎರಡನ್ನೂ ಒಂದೇ ಫಾಂಟ್ ಕುಟುಂಬದಲ್ಲಿ, ಒಂದೇ ಬಣ್ಣದಲ್ಲಿ, ಒಂದರ ಕೆಳಗೊಂದು ಹಾಕಿದರೆ ಓದುವವರಿಗೆ ಅದೇ ಸಾಲನ್ನು ಎರಡು ಸಲ ತಪ್ಪಾಗಿ ಅಚ್ಚು ಹಾಕಿದಂತೆ ಕಾಣುತ್ತದೆ. ಅಲ್ಲಿ ನಾನು ಬೇಕೆಂದೇ ದೂರ ಇಡುತ್ತೇನೆ. ಕನ್ನಡ ಮುಂದಿನ ಮೈಯಲ್ಲಿದ್ದರೆ ತೆಲುಗು ಪಕ್ಕದ ಮೈಗೆ. ಅಣ್ಣತಮ್ಮಂದಿರಿಗೆ ಬೇರೆ ಬೇರೆ ಕೋಣೆ ಕೊಟ್ಟರೆ ಮನೆ ಶಾಂತ.

ಇಷ್ಟೆಲ್ಲ ಮಾಡಿ ಅಚ್ಚಿಗೆ ಕಳಿಸಿದ ಮೇಲೆ ಶುರುವಾಗುತ್ತದೆ ನಿಜವಾದ ಪರೀಕ್ಷೆ. ಪ್ಲಾಸ್ಟಿಕ್ ಪೌಚಿನ ಮೇಲೆ ಅಚ್ಚು ಹಾಕುವುದು ಹೆಚ್ಚಾಗಿ ಕೊರೆದ ತಾಮ್ರದ ಸಿಲಿಂಡರಿನಿಂದ. ಒಂದು ಬಣ್ಣಕ್ಕೆ ಒಂದು ಸಿಲಿಂಡರ್. ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು, ಗುಳಿಯಲ್ಲಿ ನಿಂತ ಶಾಯಿ ಪ್ಲಾಸ್ಟಿಕ್ಕಿಗೆ ಇಳಿಯುತ್ತದೆ. ಹಾಗಾಗಿ ಅಕ್ಷರದ ಅಂಚು ಕತ್ತರಿಸಿದಂತೆ ಚೊಕ್ಕ ಬರುವುದಿಲ್ಲ, ಗರಗಸದ ಹಲ್ಲಿನಂತೆ ಬರುತ್ತದೆ. ದೊಡ್ಡ ಅಕ್ಷರಕ್ಕೆ ಅದು ಲೆಕ್ಕಕ್ಕಿಲ್ಲ. ಚಿಕ್ಕದಕ್ಕೆ ಅದೇ ಪ್ರಾಣಾಂತಿಕ. ಮೊಹರಿನ ಹಾಗೆ ಒತ್ತುವ ಇನ್ನೊಂದು ಬಗೆಯಲ್ಲಿ ರಬ್ಬರಿನಂಥ ಪ್ಲೇಟು ಶಾಯಿಯನ್ನು ಅಂಚಿನಾಚೆಗೆ ಹಿಸುಕುತ್ತದೆ, ಗೆರೆಗಳು ಊದಿಕೊಳ್ಳುತ್ತವೆ.

ಕನ್ನಡದಲ್ಲಿ 'ದ'ಕ್ಕೂ 'ಧ'ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. 'ಡ' 'ಢ', 'ಬ' 'ಭ', 'ಪ' 'ಫ' ಎಲ್ಲವೂ ಹಾಗೆಯೇ. ಬೋಲ್ಡ್ ಮೇಲೆ ಬೋಲ್ಡ್ ಕೊಟ್ಟು ಉಬ್ಬಿಸಿದ ಅಕ್ಷರದಲ್ಲಿ ಶಾಯಿ ಸ್ವಲ್ಪ ಹರಡಿತೋ, ಆ ಸೀಳು ಮುಚ್ಚಿಹೋಗುತ್ತದೆ. 'ಧನಿಯ ಪುಡಿ' ಅಚ್ಚಾಗಿ ಬರುವಾಗ 'ದನಿಯ ಪುಡಿ' ಆಗಿರುತ್ತದೆ. ಬಾನುಲಿಯವರಿಗೆ ಆ ಪೊಟ್ಟಣ ಬೇಕಾಗಬಹುದು, ಗಂಟಲು ಕಟ್ಟಿದಾಗ. ಅಡುಗೆಗೆ ಸಲ್ಲದು. ಆದ್ದರಿಂದ ನನ್ನಲ್ಲಿ ಒಂದು ಕಟ್ಟುಪಾಡಿದೆ: ಚಿಕ್ಕ ಅಕ್ಷರ ಒಂದೇ ಗಾಢ ಬಣ್ಣದಲ್ಲಿ, ಬಿಳಿಯ ಮೇಲೆ. ಕಂದು ನೆಲದಲ್ಲಿ ಬಿಳಿ ಅಕ್ಷರವನ್ನು ನಾಲ್ಕು ಬಣ್ಣದ ನಡುವಿನಿಂದ ಕೊರೆದು ತೆಗೆದರೆ, ಒಂದು ಸಿಲಿಂಡರ್ ಕೂದಲೆಳೆಯಷ್ಟು ಸರಿದರೂ ಸಾಕು, ಪೂರ್ತಿ ಸಾಲು ಕಣ್ಣುರಿ.

ಹಳೆಯ ಕಾಲದ ತಪ್ಪುಗಳು ಬೇರೆ ಥರ. ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಕನ್ನಡ ಲೇಬಲ್ಲುಗಳು ದೂರದ ಊರುಗಳಲ್ಲಿ ಅಚ್ಚಾಗಿ ಬರುತ್ತಿದ್ದವು, ಕೂಡಿಸುವವರಿಗೆ ಕನ್ನಡ ಬರುತ್ತಿರಲಿಲ್ಲ. ಫೈಲು 'ನುಡಿ' ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಮಾಡಿದ್ದು, ಅವರ ಯಂತ್ರದಲ್ಲಿ ನುಡಿ ಇಲ್ಲ, ಅಕ್ಷರದ ಜಾಗದಲ್ಲಿ ಇಂಗ್ಲಿಷಿನ ಚಿಂದಿ. ಯೂನಿಕೋಡ್ ಬಂದ ಮೇಲೂ ಕೆಲವು ಸಾಫ್ಟ್‌ವೇರುಗಳಿಗೆ ಭಾರತೀಯ ಲಿಪಿಯ ವ್ಯವಸ್ಥೆಯನ್ನು ಆಯ್ದುಕೊಳ್ಳದೆ ಹೋದರೆ ಒತ್ತು ಒಡೆದು ಬೀಳುತ್ತದೆ: 'ಉಪ್ಪಿನಕಾಯಿ' ಹೋಗಿ 'ಉಪ್‌ಪಿನಕಾಯಿ'. ಇವತ್ತಿಗೂ ಅಂಥ ಪೊಟ್ಟಣ ಮಾರುಕಟ್ಟೆಯಲ್ಲಿ ಸಿಗುತ್ತದೆ. ಬೆಲೆಯ ಗುರುತಿನದು ಇನ್ನೊಂದು ತಕರಾರು. ರೂಪಾಯಿ ಚಿಹ್ನೆ 2010ರ ಜುಲೈ 15ರಂದು ಒಪ್ಪಿಗೆ ಪಡೆಯಿತು. ಅದನ್ನು ಬರೆದ ಉದಯಕುಮಾರ್ ತಮಿಳುನಾಡಿನವರು, ತಮಿಳಿಗೊಂದು ಫಾಂಟ್ ಕೂಡ ಮಾಡಿದವರು. ರೂಪಾಯಿ ಚಿಹ್ನೆ ಬರುವ ಮೊದಲಿನ ಹಳೆಯ ಫಾಂಟುಗಳಲ್ಲಿ ಅದಕ್ಕೆ ಜಾಗವಿರಲಿಲ್ಲ. ಬೆಲೆಯ ಮುಂದೆ ಖಾಲಿ ಚೌಕವೋ, ತಲೆಕೆಳಗಾದ ಅಲ್ಪವಿರಾಮದಂಥ ಒಂದು ಗೀಟೋ ಬಿದ್ದ ಪೊಟ್ಟಣಗಳನ್ನು ನೀವೂ ಕಂಡಿರಬಹುದು. ಅದು ಮುದ್ರಣದ ಕೊಳೆ ಅಂದುಕೊಂಡು ಉಗುರಿನಲ್ಲಿ ಕೆರೆದವರು ನನಗೆ ಗೊತ್ತು.

ಇನ್ನು ಮಾವಿನ ವಿಷಯ. ಅದನ್ನು ಬಿಟ್ಟು ಕೃಷ್ಣಗಿರಿಯ ಮಾತು ಮುಗಿಯುವುದಿಲ್ಲ. ಕೃಷ್ಣಗಿರಿ, ಕಾವೇರಿಪಟ್ಟಣ, ಬರಗೂರು ಸುತ್ತ ಮಾವಿನ ತಿರುಳು ತೆಗೆಯುವ ಕಾರ್ಖಾನೆಗಳಿವೆ. ಸುಗ್ಗಿಯಲ್ಲಿ ರಸ್ತೆಯುದ್ದಕ್ಕೂ ಹಣ್ಣಿನ ಟ್ರ್ಯಾಕ್ಟರು. ತಿರುಳು 3.1 ಕಿಲೋ, 850 ಗ್ರಾಮಿನ ಡಬ್ಬಿಗಳಲ್ಲಿ, ದೊಡ್ಡ ಪೀಪಾಯಿಗಳಲ್ಲಿ ಕೊಲ್ಲಿ ದೇಶಗಳಿಗೂ ಯುರೋಪಿಗೂ ಹೋಗುತ್ತದೆ. ಬಹುಪಾಲು ತೋತಾಪುರಿ. ಈ ಒಂದು ಹಣ್ಣಿಗೆ ಎಷ್ಟು ಹೆಸರು ನೋಡಿ: ನಮಗೆ ಗಿಣಿಮೂತಿ, ತಮಿಳರಿಗೆ ಕಿಳಿಮೂಕ್ಕು, ಚಿತ್ತೂರಿನ ತೆಲುಗರಿಗೆ ಕಲೆಕ್ಟರ್, ವ್ಯಾಪಾರಸ್ಥರ ಬಾಯಲ್ಲಿ ಬೆಂಗಳೂರ. ಬೆಂಗಳೂರಿನವರಿಗೆ ಮಾತ್ರ ಆ ಕೊನೆಯ ಹೆಸರು ಗೊತ್ತಿರುವುದಿಲ್ಲ! ಮೂರು ಭಾಷೆಯ ಲೇಬಲ್ಲಿನಲ್ಲಿ ಒಂದು ಹೆಸರನ್ನೇ ಮೂರು ಲಿಪಿಯಲ್ಲಿ ಬರೆದರೆ ಇಬ್ಬರಿಗೆ ಅರ್ಥವಾಗದು, ಮೂರು ಹೆಸರು ಬರೆದರೆ ಮೂರು ಹಣ್ಣು ಅನ್ನಿಸುತ್ತದೆ. ಇದಕ್ಕೆ ಫಾಂಟಿನಲ್ಲಿ ಪರಿಹಾರವಿಲ್ಲ. ಹಣ್ಣಿನ ಚಿತ್ರ ಹಾಕಿ, ಮೂತಿ ಕಾಣುವ ಹಾಗೆ. ಅಕ್ಷರ ಸೋಲುವ ಕಡೆ ಸೋಲೊಪ್ಪುವುದೂ ಒಂದು ವಿನ್ಯಾಸವೇ.

ಮಾವು ಅಂದ ಕೂಡಲೇ ರಸ ತೊಟ್ಟಿಕ್ಕುವ ಅಕ್ಷರ ಹಾಕಿಸುವ ಚಾಳಿಯೊಂದಿದೆ. ಐಸ್‌ಕ್ರೀಮಿಗೆ ಹಿಮ ಬಿದ್ದ ಅಕ್ಷರ, ಮೆಣಸಿನಪುಡಿಗೆ ಬೆಂಕಿ ಹತ್ತಿದ ಅಕ್ಷರ. ಮಕ್ಕಳ ಮಿಠಾಯಿಗೆ ನಡೆಯುತ್ತದೆ. ಮಿಕ್ಕ ಕಡೆ ಸರಕಿನ ಮೇಲೆ ನಂಬಿಕೆ ಇಲ್ಲದವರು ಮಾಡುವ ಗಲಾಟೆ ಅದು. ಮೈಸೂರು ಸ್ಯಾಂಡಲ್ ಸೋಪು ನೋಡಿ. 1918ರಿಂದ ಬಂದ ಸೋಪು, ಒಡವೆಯ ಪೆಟ್ಟಿಗೆಯಂಥ ಡಬ್ಬಿ, ಮೇಲೆ ಶರಭದ ಮುದ್ರೆ. ಗಂಧ ಅಂತ ಯಾವ ಅಕ್ಷರದಿಂದಲೂ ಹೊಗೆ ಏಳುವುದಿಲ್ಲ. ಡಬ್ಬಿ ತೆರೆದರೆ ಗಂಧ ತಾನೇ ಏಳುತ್ತದೆ.

ಒಂದು ಪೊಟ್ಟಣಕ್ಕೆ ಎಷ್ಟು ಫಾಂಟ್ ಎಂದು ಕೇಳುವವರಿಗೆ, ಹೆಸರಿಗೊಂದು, ವಿವರಕ್ಕೊಂದು, ಸಾಕು ಅನ್ನುತ್ತೇನೆ. ಹೆಸರಿನದು ಮೂಗುತಿ ಹಾಕಿದ ಮುಖದಂತೆ ಗುರುತು ಹಿಡಿಯುವಂತಿರಲಿ. ವಿವರದ್ದು ಸಾದಾ ಇರಲಿ. ಅನೇಕ್ ಆಗಬಹುದು, ನೋಟೋ ಆಗಬಹುದು. ಮೂರನೆಯದು ಬಂತೆಂದರೆ ಯಾರೋ ಜಗಳ ಶುರುಮಾಡಿದ್ದಾರೆಂದೇ ಅರ್ಥ.

ಆ ವಿವರದ ಸಾಲುಗಳಿಗೆ ಕಾನೂನಿದೆ. ಪೊಟ್ಟಣದ ಸರಕುಗಳ 2011ರ ನಿಯಮದ ಪ್ರಕಾರ ಅಕ್ಷರ 1 ಮಿಲಿಮೀಟರಿಗಿಂತ ಗಿಡ್ಡವಾಗಿರಕೂಡದು, ಅಗಲ ಎತ್ತರದ ಮೂರನೇ ಒಂದಕ್ಕಿಂತ ಕಡಿಮೆ ಇರಕೂಡದು. ಸರಕಿನ ತೂಕ ಹೆಚ್ಚಾದಂತೆ ತೂಕ ಬರೆದ ಅಂಕಿಯೂ ದೊಡ್ಡದಾಗಬೇಕು. ಇವೆಲ್ಲ ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇದ್ದರೆ ಸಾಕು, ಬೇರೆ ಭಾಷೆ ಸೇರಿಸಿದರೆ ಬೇಡ ಅನ್ನುವುದಿಲ್ಲ. ಕರ್ನಾಟಕದಲ್ಲಿ ತಯಾರಾಗಿ ಅಲ್ಲೇ ಮಾರಾಟವಾಗುವ ಸರಕಿನ ಮೇಲೆ ಹೆಸರು, ಬಳಸುವ ಬಗೆ ಕನ್ನಡದಲ್ಲೂ ಇರಲೆಂದು ಅಲ್ಲಿನ 2022ರ ಭಾಷಾ ಅಧಿನಿಯಮ ಹೇಳುತ್ತದೆ. ಹೊಸೂರಿನ ಗಿರಣಿಗೆ ಅದು ತಾಗುವುದಿಲ್ಲ. ಇಲ್ಲಿ ಪೊಟ್ಟಣದ ಮೇಲೆ ಕನ್ನಡ ಬಂದರೆ ಅದು ಯಾರದ್ದೋ ಮನಸ್ಸಿನಿಂದ ಬಂದದ್ದು. ಹೆಸರು ಮಾತ್ರ ಕನ್ನಡದಲ್ಲಿ ದೊಡ್ಡದಾಗಿ ಹಾಕಿ, ಯಾವ ತಾರೀಕಿನೊಳಗೆ ತಿನ್ನಬೇಕು, ಎಷ್ಟು ನೀರು ಹಾಕಬೇಕು ಅನ್ನುವುದನ್ನು ಇಂಗ್ಲಿಷಿನಲ್ಲೇ ಬಿಟ್ಟುಬಿಡುವವರು ಹೆಚ್ಚು. ನನ್ನ ಮಾತು ಕೇಳುವುದಾದರೆ ಇದನ್ನು ತಿರುವು ಮುರುವು ಮಾಡಬೇಕು. ಹೆಸರು ಚಿತ್ರ ನೋಡಿದರೂ ತಿಳಿಯುತ್ತದೆ. ತಾರೀಕು, ನೀರಿನ ಅಳತೆ ತಿಳಿಯುವುದಿಲ್ಲ.

ರಾಗಿ ಪೊಟ್ಟಣದ ಕಥೆ ಅರ್ಧಕ್ಕೆ ಬಿಟ್ಟೆ. ಮಿಕ್ಕ ಪೊಟ್ಟಣಗಳ ಮೇಲೆ 'ಹಿಟ್ಟು' ಎಂದು ಚೀಟಿ ಅಂಟಿಸಿದೆವು, ನಾನೂ ಕೂತು ಅಂಟಿಸಿದೆ. ಎರಡನೆಯ ಅಚ್ಚಿನಲ್ಲಿ 'ರಾಗಿ' ಎಂಬ ಪದವನ್ನು ದೊಡ್ಡದು ಮಾಡಿದೆವು. ಅದು ಮೂರು ಭಾಷೆಗೂ ಅರ್ಥವಾಗುತ್ತದೆ. ಕೆಳಗೆ ಚಿಕ್ಕದಾಗಿ ಹಿಟ್ಟು, ಮಾವು, ಪಿಂಡಿ, ಅವರವರ ಲಿಪಿಯಲ್ಲಿ. ಅಚ್ಚಿಗೆ ಕಳಿಸುವ ಮೊದಲು ಅದೇ ಅಳತೆಯಲ್ಲಿ ಕಾಗದದ ಮೇಲೆ ತೆಗೆದು, ಕತ್ತರಿಸಿ, ಹಳೆಯ ಪೊಟ್ಟಣಕ್ಕೆ ಸುತ್ತಿ, ಗಿರಣಿಯವರ ತಾಯಿಯ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು. ಹಿಟ್ಟಿನ ಒತ್ತಿನಲ್ಲಿ ಒಂದು ಕ್ಷಣ ನಿಂತರು. ಆ ಒತ್ತನ್ನು ಅರ್ಧ ಮಿಲಿಮೀಟರ್ ಕೆಳಗಿಳಿಸಿದೆ.

ಹೊಸ ಸರಕು ತರುವವರೇ, ಮನೆಯಲ್ಲೇ ಹಪ್ಪಳ ಸಂಡಿಗೆ ಮಾಡಿ ಮಾರುವ ಅಮ್ಮಂದಿರೇ, ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು: ಲೇಬಲ್ಲನ್ನು ಮೊಬೈಲಿನ ಪರದೆಯ ಮೇಲೆ ನೋಡಿ ಒಪ್ಪಿಗೆ ಕೊಡಬೇಡಿ. ಕಾಗದದ ಮೇಲೆ, ನಿಜವಾದ ಅಳತೆಯಲ್ಲಿ ತರಿಸಿಕೊಳ್ಳಿ. ಆ ಭಾಷೆ ಓದಬಲ್ಲ, ಅರುವತ್ತು ದಾಟಿದ ಒಬ್ಬರ ಕೈಯಲ್ಲಿ ಗಟ್ಟಿಯಾಗಿ ಓದಿಸಿ.